ವಾಲಿದ ತಟ್ಟಿ

"ಮುಟ್ಟಬೇಡ್ವೇ! ಹಂಗೇ ಒತ್ತುತ್ತಾ ಇದ್ರೆ ಅಂಜೂರ ಒಣಗಲ್ಲ, ಜಾಮ್ ಆಗುತ್ತೆ!"

ಸ್ತಮಾತಾ ಅಜ್ಜಿ ಕಿಟಕಿಯಿಂದ ಕೂಗಿದ ರಭಸಕ್ಕೆ ಕಣಿವೆಯಾಚೆ ಮಲಗಿದ್ದ ಮೇಕೆಗಳೂ ಎದ್ದು ನಿಂತವು.

ಮೆರೋಪಿ ಬೆರಳು ನೆಕ್ಕಿಕೊಂಡಳು. ಜೊಂಡಿನ ತಟ್ಟಿಯ ಮೇಲೆ ಸೀಳಿಟ್ಟ ಅಂಜೂರ ಇನ್ನೂ ಹಸಿಹಸಿ. ಭಾನುವಾರ ಅಪ್ಪ ಹಡಗಿನ ಕೆಲಸದಿಂದ ಮನೆಗೆ ಬರುತ್ತಾನೆ. "ಈ ಸಲ ನಾನೇ ಒಣಗಿಸಿ ಕೊಡ್ತೀನಪ್ಪಾ" ಎಂದು ಫೋನಿನಲ್ಲಿ ಜಂಬ ಕೊಚ್ಚಿ ಆಗಿತ್ತು.

ಎದುರು ಗುಡ್ಡದಿಂದ ಚಿಕ್ಕಪ್ಪನ ಮಗ ಸರಾಂತಿಸ್ ಒಣ ಅಂಜೂರ ಅಗಿಯುತ್ತಾ ಬಂದ. "ನಂದು ಆಗ್ಹೋಯ್ತು! ಕೈಗುಣ ಕಣೇ, ಕೈಗುಣ."

"ಆ ಕೈ ನೀರು ಕಂಡು ವರ್ಷ ಆಯ್ತಲ್ಲೋ," ಅಂದಳು ಅಜ್ಜಿ. ಆಮೇಲೆ ಮೆರೋಪಿಯ ಕಡೆ ತಿರುಗಿದಳು. "ನಿಂದು ಒಣಗೋ ಹೊತ್ತಿಗೆ ನಿನ್ನ ಮೊಮ್ಮಕ್ಕಳಿಗೆ ಹಲ್ಲು ಬಂದಿರುತ್ತೆ."

ಮೆರೋಪಿ ಮುಖ ಊದಿಸಿಕೊಂಡೇ ಸ್ಕೂಲಿಗೆ ಹೋದಳು.

ಅವತ್ತು ಟೀಚರ್ ಬೋರ್ಡಿನ ಮೇಲೆ 'ಕ್ಲಿಮಾ' ಎಂದು ಬರೆದರು. "ಹವಾಮಾನಕ್ಕೆ ನಾವು ಹೇಳೋ ಮಾತು. ಲೋಕದವರೆಲ್ಲ ಕ್ಲೈಮೇಟ್ ಅಂತಾರಲ್ಲ, ಅದೂ ಇದರಿಂದಲೇ ಬಂದಿದ್ದು. ನಮ್ಮ ಹಳೇ ಗ್ರೀಕರಿಗೆ ಕ್ಲಿಮಾ ಅಂದ್ರೆ ಇಳಿಜಾರು, ವಾಲೋದು."

"ವಾಲೋದಾ? ಹವಾಮಾನ ಯಾಕೆ ವಾಲುತ್ತೆ ಮಿಸ್?" ಮೆರೋಪಿಗೆ ನಗು ತಡೆಯಲಾಗಲಿಲ್ಲ.

"ಬಿಸಿಲು ಎಲ್ಲಾ ಕಡೆ ನೆಟ್ಟಗೆ ಬೀಳಲ್ಲ. ಒಂದೊಂದು ಊರಲ್ಲಿ ಒಂದೊಂದು ಥರ ವಾಲಿ ಬೀಳುತ್ತೆ. ಅದರ ಮೇಲೇ ಸೆಕೆ, ಚಳಿ."

ಮೆರೋಪಿಯ ನಗು ನಿಂತಿತು.

ಮನೆಗೆ ಬಂದವಳೇ ಬ್ಯಾಗು ಎಸೆದು ತಟ್ಟಿಯ ಮುಂದೆ ಕುಕ್ಕರಿಸಿದಳು. ಅವರ ಗುಡ್ಡ ಬಡಗಣಕ್ಕೆ ಇಳಿದಿತ್ತು. ತಟ್ಟಿಯೂ ಅದರ ಜೊತೆ ಇಳಿದು, ತೆಂಕಣದಿಂದ ಬೀಳೋ ಬಿಸಿಲಿಗೆ ಬೆನ್ನು ಹಾಕಿ ಮಲಗಿತ್ತು. ಅವಳು ಕೆಳಗಿನ ಅಂಚನ್ನು ಎತ್ತಿ ಅಡಿಗೆ ಕಲ್ಲು ತುರುಕಿದಳು.

"ಅಯ್ಯೋ! ಮದುವೆ ಊಟ ಮುಗಿಸಿ ಬರ್ತಿದ್ದ ನಿಮ್ಮಜ್ಜನ ಥರಾನೇ ವಾಲಿದೆಯಲ್ಲೇ!"

"ಇರ್ಲಿ ಅಜ್ಜೀ. ಬಿಸಿಲೂ ವಾಲಿದೆ."

ಶನಿವಾರ ಅಂಜೂರದ ಅಂಚು ಸುಕ್ಕುಗಟ್ಟಿತು. ಬೆರಳಿಗೆ ಅಂಟಲಿಲ್ಲ. ಮೆರೋಪಿ ಎದುರು ಗುಡ್ಡ ನೋಡಿದಳು. ಅದು ಇಡೀ ದಿನ ಬಿಸಿಲಿಗೇ ಮುಖ ಕೊಟ್ಟು ಕೂತಿತ್ತು. ಪಾಪ, ಸರಾಂತಿಸ್ ಏನೂ ಮಾಡಿರಲೇ ಇಲ್ಲ. ಅಲ್ಲಿದ್ದಿದ್ದರೆ ಅವಳೂ ಹಾಗೇ ಕೊಚ್ಚಿಕೊಳ್ಳುತ್ತಿದ್ದಳೇನೋ.

ಅಷ್ಟರಲ್ಲಿ ಅವನೇ ಬಂದ. "ಇದೇನೇ, ಕಲ್ಲು ಯಾಕೆ?"

ಛೇಡಿಸಬಹುದಿತ್ತು. ಅವಳು ಸ್ವಲ್ಪ ಸರಿದು ಜಾಗ ಬಿಟ್ಟಳು.

"ಬಾ, ಆ ಮೂಲೆ ಎತ್ತು. ಬಿಸಿಲು ಸರೀತಾ ಇದೆ."