ಅವಳ ಕೈಯಳತೆಯ ಗಿಟಾರ್

ಅವನು ಅವಳನ್ನು ಒಂದು ದಿನವೂ ಅಕ್ಕ ಎಂದು ಕರೆದಿರಲಿಲ್ಲ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಉಳಿದವರಿಗೆಲ್ಲ ಅವಳು ಗಿಟಾರ್ ಅಕ್ಕ. ಬಿರುಕು ಬಿಟ್ಟದ್ದು, ಕತ್ತು ಮುರಿದದ್ದು, ಬಿಸಿಲಲ್ಲಿ ನಿಂತ ಕಾರಿನೊಳಗೆ ಬೆಂದು ಅಂಟು ಬಿಟ್ಟದ್ದು, ಗಂಡಹೆಂಡಿರ ಜಗಳದಲ್ಲಿ ಗೋಡೆಗೆ ಬಡಿದದ್ದು, ಇಂಥ ಗಿಟಾರುಗಳನ್ನೆಲ್ಲ ಹೆಗಲಿಗೇರಿಸಿಕೊಂಡು ಜನ ಅವಳ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಗಡ್ಡ ನರೆತ ಗಂಡಸರೂ "ಅಕ್ಕ, ಇದನ್ನ ಸ್ವಲ್ಪ ನೋಡಿ" ಎನ್ನುತ್ತಿದ್ದರು. ಅಪ್ಪ ಮಲಗುತ್ತಿದ್ದ ಕೋಣೆಯೇ ಅವಳ ವರ್ಕ್‌ಶಾಪ್. ಅಪ್ಪ ಹೋದ ಮೇಲೆ ಮಂಚ ಹೊರಗೆ ಹೋಗಿ ಕೆಲಸದ ಮೇಜು ಒಳಗೆ ಬಂದಿತ್ತು. ಕುಡಿಯುವ ಹಾಲಿನಲ್ಲೂ ಮರದ ಹೊಟ್ಟು ಸಿಗುತ್ತದೆ ಎಂದು ಅಮ್ಮ ದಿನಾ ಗೊಣಗುತ್ತಿದ್ದಳು, ದಿನಾ ಕುಡಿಯುತ್ತಿದ್ದಳು.

ಅವನು ಮ್ಯೂಸಿಕ್ ಸ್ಕೂಲಿನ ಗಿಟಾರ್ ಮೇಷ್ಟ್ರು. ಮಕ್ಕಳ ಗಿಟಾರುಗಳನ್ನು ರಿಪೇರಿಗೆ ತಂದವನು ಬಾಗಿಲಲ್ಲೇ ನಿಂತು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ ನಕ್ಕಿದ್ದ.

"ಅಕ್ಕ ಅನ್ನೋಕೆ ಬಾಯೇ ಬರ್ತಿಲ್ಲ. ಏನಂತ ಕರೀಲಿ?"

"ಎಲ್ಲರೂ ಕರೆಯೋ ಹಾಗೆ ಕರೀರಿ."

"ಎಲ್ಲರ ಹಾಗೇ ಆದ್ರೆ ನಾನು ಬಂದು ಏನು ಪ್ರಯೋಜನ?"

ಇಂಥ ಮಾತಿಗೆ ಚಿಕ್ಕ ವಯಸ್ಸಿನ ಹುಡುಗಿಯಾಗಿದ್ದರೆ ನಕ್ಕು ಮರೆತುಬಿಡುತ್ತಿದ್ದಳು. ಮೂವತ್ತು ದಾಟಿ ಸುಮಾರು ದಿನವಾಗಿದ್ದ ಇವಳು ಆ ಮಾತನ್ನು ಗಂಟು ಕಟ್ಟಿ ಎತ್ತಿಟ್ಟುಕೊಂಡಳು. ಅದರ ಮೇಲೆ ಇನ್ನಷ್ಟು ಮಾತುಗಳು ಬಂದು ಬಿದ್ದವು. ಅವನಿಗೆ ಕಣ್ಣಲ್ಲೇ ಮಾತಾಡುವ ಚಾಳಿಯಿತ್ತು. ತಂತಿ ಬಿಗಿಯುವಾಗ ಅವಳ ಬೆರಳು ನೋಡುತ್ತಿದ್ದ, ಅವಳು ತಲೆಯೆತ್ತಿದರೆ ತಟ್ಟನೆ ಕಿಟಕಿಯ ಕಡೆ ನೋಡುತ್ತಿದ್ದ. ಮೊದಲು ನೀವು ಎಂದಿದ್ದವನು ಯಾವಾಗ ನೀನು ಎಂದನೋ ಅವಳಿಗೆ ಗೊತ್ತೇ ಆಗಲಿಲ್ಲ. ಗೊತ್ತಾದಾಗ ಅವಳೂ ನೀನು ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಸ್ಟೂಲಿನ ಮೇಲೆ ಕುಳಿತು ಗೋಡೆಯ ಗಿಟಾರುಗಳನ್ನೆಲ್ಲ ನೋಡಿದ.

"ಇಷ್ಟೊಂದರಲ್ಲಿ ನಿನ್ನದು ಯಾವುದು?"

"ಯಾವುದೂ ಇಲ್ಲ. ಎಲ್ಲಾ ಬೇರೆಯವರದ್ದೇ."

"ಊರಿಗೆಲ್ಲ ಮಾಡ್ಕೊಡ್ತೀಯ, ನಿನಗೆ ಅಂತ ಒಂದಿಲ್ವಲ್ಲ." ಅವನು ಎದ್ದು ಬಂದ. "ಎಲ್ಲಿ, ಕೈ ಕೊಡು."

ಅವಳ ಅಂಗೈಗೆ ತನ್ನ ಅಂಗೈ ತಾಗಿಸಿ ಹಿಡಿದ. ಅವಳ ಬೆರಳ ತುದಿ ಅವನ ಬೆರಳಿನ ಕೊನೆಯ ಗೆಣ್ಣಿಗೂ ಮುಟ್ಟುತ್ತಿರಲಿಲ್ಲ. ಅವನು ಅದನ್ನೇ ನೋಡುತ್ತಾ ನಿಂತ. ಅವಳು ಅವನ ಕುತ್ತಿಗೆಯ ಮಚ್ಚೆ ನೋಡುತ್ತಾ ಉಸಿರು ಹಿಡಿದು ನಿಂತಳು.

"ಇಷ್ಟೇ ಚಿಕ್ಕ ಕೈ. ನನಗೊಂದು ಗಿಟಾರ್ ಮಾಡ್ಕೊಡು. ಕತ್ತು ನಿನ್ನ ಕೈಗೆ ಸರಿಯಾಗಿರಬೇಕು, ನನ್ನ ಕೈಗಲ್ಲ."

"ಯಾಕೆ?"

"ಯಾಕೆ ಅಂತ ಕೇಳಬಾರದು. ಸರ್‌ಪ್ರೈಸ್."

ಅಷ್ಟು ಸಾಕಾಯಿತು. ಅವನು ಮೆಟ್ಟಿಲಿಳಿದು ಹೋದ ಮೇಲೆ ಅವಳು ಮದುವೆಯಿಂದ ಹಿಡಿದು ಮಗುವಿನ ತೊಟ್ಟಿಲಿನವರೆಗೆ ಎಲ್ಲವನ್ನೂ ಮನಸ್ಸಿನಲ್ಲೇ ಕಟ್ಟಿ ಮುಗಿಸಿದಳು. ಬೆಲೆಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಅವನು ತನಗೆ ಕೊಡಲಿರುವ ಉಡುಗೊರೆಗೆ ತಾನೇ ಬೆಲೆ ಕೇಳುವಷ್ಟು ದಡ್ಡಿಯೇ ಅವಳು?

"ಬಾಯಿಬಿಟ್ಟು ಹೇಳಿದಾನಾ?" ಎಂದು ಅಮ್ಮ ಕೇಳಿದಳು.

"ಎಲ್ಲಾನೂ ಬಾಯಿಬಿಟ್ಟೇ ಹೇಳಬೇಕಾ ಅಮ್ಮ?"

"ಹೌದು. ನಿಮ್ಮಪ್ಪ ಬಾಯಿಬಿಟ್ಟು ಹೇಳಿದ್ರು. ಹೇಳದೇ ಇರೋರ್ನೂ ನೋಡಿದೀನಿ."

"ನಿಂಗೆ ಗೊತ್ತಾಗಲ್ಲ ಬಿಡಮ್ಮ."

ಅಮ್ಮ ಬಿಟ್ಟಳು. ಮಗಳ ಮುಖದಲ್ಲಿ ಆ ಕಳೆ ಕಂಡು ಎಷ್ಟೋ ಕಾಲವಾಗಿತ್ತು, ಅದನ್ನು ಕೆಡಿಸಲು ಅವಳಿಗೂ ಮನಸ್ಸಾಗಲಿಲ್ಲ.

ಬಹಳ ದಿನದಿಂದ ಎತ್ತಿಟ್ಟಿದ್ದ ಹಲಗೆಯನ್ನು ಅವಳು ಬೀರುವಿನ ಹಿಂದಿನಿಂದ ತೆಗೆದಳು. ಹಳೇ ಪಿಯಾನೋ ಒಂದನ್ನು ಬಿಚ್ಚಿದಾಗ ಸಿಕ್ಕಿದ ಹಲಗೆ ಅದು, ಗಿಟಾರಿನ ಮುಖಕ್ಕೆ ಅದಕ್ಕಿಂತ ಒಳ್ಳೆಯ ಮರವಿಲ್ಲ. ಕೇಳಿದವರಿಗೆಲ್ಲ ಇಲ್ಲ ಎಂದು ಸುಳ್ಳು ಹೇಳಿ ಕಾಪಾಡಿಕೊಂಡು ಬಂದಿದ್ದಳು. ಕಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ತಟ್ಟುತ್ತಾ, ಕೀಸುತ್ತಾ, ಮತ್ತೆ ತಟ್ಟುತ್ತಾ ತೆಳ್ಳಗೆ ಮಾಡಿದಳು. ಅವನು ಬಂದ ದಿನ ಹಲಗೆಯ ಆಚೆ ಬದಿಗೆ ಅವನೂ ಕಿವಿಯಿಟ್ಟ. ಇಬ್ಬರ ಕೆನ್ನೆಯ ನಡುವೆ ಇದ್ದದ್ದು ಅಷ್ಟು ತೆಳ್ಳನೆಯ ಮರವೊಂದೇ. ಅವಳು ತಟ್ಟಿದಳು.

"ಏನು ಕೇಳಿಸ್ತು?"

"ನಿನ್ನ ಬೆರಳು."

"ಮರದ್ದು ಕೇಳಿದ್ದು ನಾನು."

"ಮರಕ್ಕೆ ಏನು ಗೊತ್ತು ಪಾಪ."

ಗಿಟಾರಿನ ಎರಡು ಬದಿಯ ತೆಳು ಹಲಗೆಗಳನ್ನು ನೆನೆಸಿ, ಬಿಸಿ ಕೊಳವೆಗೆ ಒತ್ತಿ ಬಗ್ಗಿಸುವಾಗ ಅವನೇ ಒಂದು ತುದಿ ಹಿಡಿದುಕೊಂಡ. ಆವಿಯಲ್ಲಿ ಇಬ್ಬರ ಮುಖವೂ ಬೆವೆತಿತ್ತು.

"ಅವಸರ ಮಾಡಬೇಡ, ಒಡೆದುಹೋಗುತ್ತೆ" ಎಂದಳು.

"ನಿಂಗೆ ಯಾವತ್ತೂ ಅವಸರವೇ ಆಗಲ್ವಾ?"

ಅವನು ಬಗ್ಗಿ ಅವಳ ಹುಬ್ಬಿನ ಮೇಲಿದ್ದ ಹೊಟ್ಟನ್ನು ಉಫ್ ಎಂದು ಊದಿದ. ಅವನು ಹೋದ ಮೇಲೆ ಅವಳು ಕನ್ನಡಿಯಲ್ಲಿ ತನ್ನ ಹುಬ್ಬನ್ನು ನೋಡಿಕೊಂಡಳು. ಎಂದಿನ ಹುಬ್ಬೇ. ಆದರೂ ನೋಡಿಕೊಂಡಳು.

ಎಡಗೈಯಲ್ಲಿ ಹಿಡಿಯುವ ಕತ್ತನ್ನು ಕೆತ್ತುವ ಕೆಲಸವನ್ನು ಕೊನೆಗೆ ಉಳಿಸಿಕೊಂಡಿದ್ದಳು. ಹಿಂದೊಮ್ಮೆ ಉಳಿ ಜಾರಿ ಅವಳ ಎಡಗೈ ಹೆಬ್ಬೆರಳಿನ ನರ ಕತ್ತರಿಸಿಹೋಗಿತ್ತು, ಅಂದಿನಿಂದ ಆ ಬೆರಳು ಮಡಚುತ್ತಿರಲಿಲ್ಲ. ಅಂಗಡಿಯ ಯಾವ ಗಿಟಾರ್ ಹಿಡಿದರೂ ಕೈ ಜಾರುತ್ತಿತ್ತು. ತನ್ನದೆಂಬುದೊಂದು ಇಲ್ಲದಿರಲು ಇದೂ ಒಂದು ಕಾರಣ. ಈ ಸಲ ಕಣ್ಣು ಮುಚ್ಚಿ ಹಿಡಿಯುವುದು, ಕಣ್ಣು ಬಿಟ್ಟು ಕೆರೆಯುವುದು, ಮತ್ತೆ ಕಣ್ಣು ಮುಚ್ಚುವುದು. ಆ ಮೊಂಡು ಹೆಬ್ಬೆರಳು ಒರಗಲಿ ಎಂದು ಒಂದು ಬದಿಯಲ್ಲಿ ಸಣ್ಣ ಉಬ್ಬು ಬಿಟ್ಟಳು. ಪಾಲಿಶ್ ಕೊಡದೆ ಬರೀ ಎಣ್ಣೆ ಒರೆಸಿದಳು, ಮರ ಮೈಗೆ ಹತ್ತಿರವಿರಲಿ ಎಂದು. ತಂತಿ ಹಾಕಿ ಹಿಡಿದಾಗ ಕೈ ಜಾರಲಿಲ್ಲ. ಅವಳು ಮೇಜಿನ ಮುಂದೆ ಕುಳಿತು ಸದ್ದಿಲ್ಲದೆ ಅತ್ತಳು, ಸುಖಕ್ಕೆ.

ಒಯ್ಯಲು ಬರುತ್ತೇನೆ ಎಂದು ಅವನು ಫೋನ್ ಮಾಡಿದ ದಿನ ಅಮ್ಮ ತಾನಾಗಿಯೇ "ತಲೆ ತೊಳ್ಕೋ, ಕೂದಲೆಲ್ಲಾ ಹೊಟ್ಟಾಗಿದೆ" ಎಂದಳು. ಇಸ್ತ್ರಿ ಮಾಡಿದ ಹಸಿರು ಕುರ್ತಾ ತೊಟ್ಟು, ಕೆಲಸದ ಏಪ್ರನ್ ಅನ್ನು ಬಾಗಿಲ ಹಿಂದೆ ಬಚ್ಚಿಟ್ಟು ಅವಳು ಕಾದಳು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಇಬ್ಬರ ಹೆಜ್ಜೆ.

ಅವನ ಜೊತೆಯಲ್ಲಿದ್ದವಳು ಸಣ್ಣ ಮೈಕಟ್ಟಿನ, ನಗುಮುಖದ ಹುಡುಗಿ. ಚಪ್ಪಲಿ ಬಿಡುವಾಗ ಬೀಳದಿರಲೆಂದು ಅವನ ತೋಳು ಹಿಡಿದುಕೊಂಡಿದ್ದಳು. ಚಪ್ಪಲಿ ಬಿಟ್ಟ ಮೇಲೂ ಕೈ ತೆಗೆಯಲಿಲ್ಲ.

"ಇವಳು ನಮ್ಮ ಹುಡುಗಿ. ಮುಂದಿನ ತಿಂಗಳು ಮದುವೆ" ಎಂದ ಅವನು. ಆಮೇಲೆ ಹುಡುಗಿಯ ಕಡೆ ತಿರುಗಿ, "ನಾನು ಹೇಳ್ತಿದ್ದೆನಲ್ಲ, ಗಿಟಾರ್ ಅಕ್ಕ ಅಂದ್ರೆ ಇವರೇ. ಅಕ್ಕ, ಗಿಟಾರ್ ತೋರಿಸಿ."

ಅಕ್ಕ. ತೋರಿಸಿ. ಎರಡು ಮಾತಿನಲ್ಲಿ ಅವನು ಅವಳನ್ನು ಎಲ್ಲರ ಅಕ್ಕನಾಗಿ ಮಾಡಿಬಿಟ್ಟ, ಗಡ್ಡ ನರೆತವರಿಗೆ ಇದ್ದ ಹಾಗೆ. ಅವನ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದಿದ್ದ ಅಮ್ಮ ಹಾಗೆಯೇ ನಿಂತಳು. ಮಗಳು ಅಮ್ಮನ ಕಡೆ ನೋಡದೆ ಒಳಗೆ ಹೋಗಿ ಗಿಟಾರ್ ತಂದು ಹುಡುಗಿಯ ಮಡಿಲಲ್ಲಿಟ್ಟಳು.

ಹುಡುಗಿ ಚೆನ್ನಾಗಿಯೇ ನುಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ ನಿಲ್ಲಿಸಿ ಕತ್ತಿನ ಹಿಂಬದಿಯನ್ನು ಸವರಿದಳು.

"ಧ್ವನಿ ಎಷ್ಟು ಚೆನ್ನಾಗಿದೆ ಅಕ್ಕ. ಆದ್ರೆ ಇಲ್ಲೊಂದು ಉಬ್ಬು ಇದೆ. ಹೆಬ್ಬೆರಳಿಗೆ ಒತ್ತುತ್ತೆ."

"ಉಬ್ಬಾ?" ಎಂದ ಅವನು, ತಾನೂ ಮುಟ್ಟಿ ನೋಡಿದ. "ಹೌದಲ್ಲ. ಅಕ್ಕ, ಇದನ್ನ ಸ್ವಲ್ಪ ಕೆರೆದು ಸರಿಮಾಡಿ ಕೊಟ್ಟುಬಿಡಿ. ನಾವು ಕಾಯ್ತೀವಿ."

ಇಲ್ಲ ಎನ್ನಬಹುದಿತ್ತು. ನಾಳೆ ಬನ್ನಿ ಎನ್ನಬಹುದಿತ್ತು. ಅವಳು ಬಾಗಿಲ ಹಿಂದಿನ ಏಪ್ರನ್ ತೆಗೆದು ಹಸಿರು ಕುರ್ತಾದ ಮೇಲೆ ಕಟ್ಟಿಕೊಂಡು ವರ್ಕ್‌ಶಾಪಿಗೆ ನಡೆದಳು. ಹುಡುಗಿಯನ್ನು ಅಮ್ಮ ಚಹಾ ಕುಡಿಸುವ ನೆಪದಲ್ಲಿ ನಡುಮನೆಯಲ್ಲೇ ಕೂರಿಸಿಕೊಂಡಳು. ಅವನು ಹಿಂದೆಯೇ ಬಂದು ತನ್ನ ಹಳೆಯ ಸ್ಟೂಲಿನ ಮೇಲೆ ಕುಳಿತ.

ತಂತಿ ಸಡಿಲಿಸಿ, ಕತ್ತನ್ನು ಬಟ್ಟೆ ಸುತ್ತಿದ ಕ್ಲ್ಯಾಂಪಿಗೆ ಸಿಕ್ಕಿಸಿ ಅವಳು ಉಕ್ಕಿನ ತಗಡಿನಿಂದ ಕೆರೆಯತೊಡಗಿದಳು. ತೆಳ್ಳನೆಯ ಸಿಪ್ಪೆ ಸುರುಳಿಯಾಗಿ ಬಿತ್ತು.

"ಅವಳ ಕೈಗೆ ಅಂತ ಮೊದಲೇ ಹೇಳಬಹುದಿತ್ತಲ್ಲ" ಎಂದಳು, ತಲೆಯೆತ್ತದೆ.

"ಅವಳನ್ನ ಕರ್ಕೊಂಡು ಬಂದಿದ್ರೆ ಸರ್‌ಪ್ರೈಸ್ ಎಲ್ಲಿರ್ತಿತ್ತು? ನಿಮ್ಮಿಬ್ಬರ ಕೈ ಒಂದೇ ಅಳತೆ. ಅದನ್ನೇ ಅವತ್ತು ನೋಡಿದ್ದು."

"ನಾನು ಏನಂದ್ಕೊಂಡಿದೀನಿ ಅಂತ ನಿನಗೆ ಗೊತ್ತಿರಲಿಲ್ವಾ?"

ಅವನು ಮೇಜಿನ ಮೇಲಿದ್ದ ಉಳಿಯೊಂದನ್ನು ಕೈಗೆ ತೆಗೆದುಕೊಂಡ, ನೋಡಿದ, ಮತ್ತೆ ಇಟ್ಟ. "ಗೊತ್ತಾಗಿತ್ತು. ಮಧ್ಯದಲ್ಲಿ ಹೇಳೋಣ ಅಂದ್ಕೊಂಡೆ. ಆದ್ರೆ ನೀನು ಎಷ್ಟು ಮನಸ್ಸಿಟ್ಟು ಮಾಡ್ತಿದ್ದೆ. ಹೇಳಿದ್ರೆ ಇಷ್ಟು ಚೆನ್ನಾಗಿ ಮಾಡ್ತಿದ್ಯಾ?"

ಕೆರೆಯುವ ತಗಡು ನಿಂತಿತು.

"ಮಾಡ್ತಿದ್ದೆ" ಎಂದಳು ಅವಳು. "ನನ್ನ ಕೆಲಸ ಅದು. ಆ ಹಲಗೆ ಕೊಡ್ತಿರಲಿಲ್ಲ, ಅಷ್ಟೇ." ಆಮೇಲೆ, ಎಷ್ಟೋ ದಿನದಿಂದ ಬೇರೆ ಬಗೆಯಲ್ಲಿ ಹೇಳಬೇಕೆಂದು ಕೂಡಿಟ್ಟಿದ್ದ ಮಾತನ್ನು ಹೇಗೋ ಹೇಳಿಬಿಟ್ಟಳು. "ನಾನು ನಿನ್ನನ್ನ ಪ್ರೀತಿಸ್ತಿದ್ದೆ ಕಣೋ."

ಅವನು ಬಾಗಿಲ ಕಡೆ ನೋಡಿದ. "ಮೆಲ್ಲಗೆ ಮಾತಾಡು, ಅವಳಿಗೆ ಕೇಳಿಸುತ್ತೆ."

ಒಂದು ಜನ್ಮದಲ್ಲಿ ಒಬ್ಬನಿಗೆ ಒಂದೇ ಸಲ ಹೇಳಿದ ಮಾತು, ಅದಕ್ಕೆ ಬಂದ ಉತ್ತರ ಇದು. ಅವಳು ಮತ್ತೆ ಕೆರೆಯತೊಡಗಿದಳು. ತನ್ನ ಹೆಬ್ಬೆರಳಿಗೆಂದು ಬಿಟ್ಟಿದ್ದ ಉಬ್ಬು ಸವೆದು ಸವೆದು ಸಮವಾಗುತ್ತಾ ಬಂತು. ಸ್ಯಾಂಡ್‌ಪೇಪರಿನಿಂದ ಉಜ್ಜಿದಳು, ಎಣ್ಣೆ ಒರೆಸಿದಳು. ಯಾರ ಕೈಗೂ ಒಗ್ಗುವಂಥ ನುಣುಪಾದ ಕತ್ತು ಅದು ಈಗ. ಅವಳ ಕೈಯೊಂದು ಬಿಟ್ಟು.

ತಂತಿ ಬಿಗಿಯುತ್ತಿರುವಾಗ ಹುಡುಗಿ ಒಳಗೆ ಬಂದಳು. ಹಿಡಿದು ನೋಡಿ ಅವಳ ಮುಖ ಅರಳಿತು.

"ಈಗ ನೋಡಿ, ನನಗೇ ಅಂತ ಮಾಡಿದ ಹಾಗಿದೆ. ಮೊದಲು ಯಾರ ಕೈಗೆ ಅಂತ ಮಾಡಿದ್ರಿ ಅಕ್ಕ?"

ಅವನು ಸ್ಟೂಲಿನಿಂದ ಎದ್ದ. ಹುಡುಗಿಯ ತಲೆಯ ಮೇಲಿಂದ ಅವಳನ್ನೇ ನೋಡಿದ. ಬೇಡ ಎನ್ನುವ ನೋಟ. ಕಣ್ಣಲ್ಲೇ ಮಾತಾಡುವ ಚಾಳಿಯವನಲ್ಲವೇ. ಒಂದೇ ಮಾತಿಗೆ ಅವನ ಮದುವೆಯನ್ನು ಮುರಿದುಹಾಕಬಹುದು ಎಂದು ಅವಳಿಗೆ ಆಗ ಹೊಳೆಯಿತು. ಆ ಮಾತು ಬಾಯಿಗೆ ಎಷ್ಟು ರುಚಿಯಾಗಿತ್ತೆಂದರೆ ಅವಳು ಒಂದು ಕ್ಷಣ ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡಳು.

"ನನ್ನ ಕೈಗೆ" ಎಂದಳು. "ನನಗೆ ಕೊಡೋಕೆ ಮಾಡಿಸ್ತಿದಾನೆ ಅಂದ್ಕೊಂಡಿದ್ದೆ. ದಿನಾ ಬಂದು ಇದೇ ಸ್ಟೂಲ್ ಮೇಲೆ ಕೂತ್ಕೊಂಡು ಹಾಗೇ ಅನ್ನಿಸಿದ್ದ."

ಹುಡುಗಿ ಅವಳ ಮುಖ ನೋಡಿದಳು. ಮಡಚದ ಆ ಹೆಬ್ಬೆರಳನ್ನು ನೋಡಿದಳು. ಕೂಗಲಿಲ್ಲ, ಗಿಟಾರ್ ಬಿಸಾಡಲಿಲ್ಲ. ಹತ್ತಿರ ಬಂದು ಅವಳ ತೋಳಿನ ಮೇಲೆ ಮೆತ್ತಗೆ ಕೈಯಿಟ್ಟಳು.

"ಪಾಪ" ಎಂದಳು. "ಬೇಜಾರು ಮಾಡ್ಕೋಬೇಡಿ ಅಕ್ಕ. ಇವರು ಎಲ್ಲರ ಹತ್ತಿರಾನೂ ಹೀಗೇ. ಸ್ಕೂಲಲ್ಲಿ ಹಾಡು ಹೇಳ್ಕೊಡೋ ಮೇಡಮ್ಮು, ಮೇಲಿನ ಮನೆ ಹುಡುಗಿ, ಯಾರನ್ನೂ ಬಿಟ್ಟಿಲ್ಲ. ಅಂಗೈಗೆ ಅಂಗೈ ಇಟ್ಟು ಅಳತೆ ನೋಡಿದ್ರಾ? ನನಗೂ ಅದನ್ನೇ ಮಾಡಿದ್ದು. ಎಷ್ಟು ಹೇಳಿದ್ರೂ ಬುದ್ಧಿ ಬರಲ್ಲ ನೋಡಿ."

ತುಂಟ ಮಗನನ್ನು ನೆರೆಯವರ ಮುಂದೆ ಬೈಯುವ ತಾಯಿಯ ದನಿ ಅದು. ಅವನು ತಲೆ ಕೆರೆದುಕೊಂಡು ನಕ್ಕ, ಬೈಸಿಕೊಂಡು ಅಭ್ಯಾಸವಿದ್ದವನ ಹಾಗೆ. ಅವರಿಬ್ಬರ ನಡುವೆ ಇದು ಹಳೆಯ ತಮಾಷೆ ಎಂದು ಅವಳಿಗೆ ಅರ್ಥವಾಯಿತು. ತನಗೆ ಮುಂಚೆಯೂ ಈ ತಮಾಷೆ ನಡೆದಿತ್ತು, ಮುಂದೆಯೂ ನಡೆಯುತ್ತದೆ, ಅದರಿಂದ ಯಾರ ಮದುವೆಯೂ ಮುರಿಯುವುದಿಲ್ಲ.

"ಮದುವೆಗೆ ಖಂಡಿತ ಬರಬೇಕು ಅಕ್ಕ" ಎಂದಳು ಹುಡುಗಿ, ಮನಸ್ಸಾರೆ. "ಅವತ್ತು ಇದನ್ನೇ ನುಡಿಸ್ತೀನಿ. ಅಮ್ಮನ್ನೂ ಕರ್ಕೊಂಡು ಬನ್ನಿ."

ಅವರು ಹೋದರು. ಅವಳು ಕ್ಲ್ಯಾಂಪ್ ಬಿಚ್ಚಿ ಗೋಡೆಗೆ ತೂಗುಹಾಕಿದಳು, ಮೇಜು ಒರೆಸಿದಳು. ಅಮ್ಮ ಬಂದು ಬಾಗಿಲಿಗೆ ಒರಗಿ ನಿಂತಳು. ನಾನು ಹೇಳಿರಲಿಲ್ಲವೇ ಎಂಬ ಮಾತು ಅವಳ ಮುಖದಲ್ಲಿತ್ತು, ಬಾಯಿಗೆ ಬರಲಿಲ್ಲ.

"ಅಳೋದಾದ್ರೆ ಈಗಲೇ ಅತ್ತುಬಿಡು" ಎಂದಳು. "ಸಂಜೆ ಚರ್ಚಿನವರು ರಿಪೇರಿಗೆ ಕೊಟ್ಟ ಗಿಟಾರ್ ಒಯ್ಯೋಕೆ ಬರ್ತಾರೆ."

ಆಗ ಕೆಳಗೆ ರಸ್ತೆಯಿಂದ ಗಿಟಾರಿನ ದನಿ ಬಂತು. ಹುಡುಗಿಗೆ ಮನೆ ಮುಟ್ಟುವವರೆಗೆ ತಡೆಯಲಾಗಿರಲಿಲ್ಲ, ಕಾರಿನ ಬಾಗಿಲು ತೆರೆದು ಕುಳಿತು ನುಡಿಸುತ್ತಿದ್ದಳು. ಮಧ್ಯೆ ಅವನು ಏನೋ ಹೇಳಿದ, ಇಬ್ಬರೂ ನಕ್ಕರು, ಮತ್ತೆ ನುಡಿಸಿದಳು. ಅಮ್ಮ ಹಲ್ಲು ಕಚ್ಚಿಕೊಂಡು ಕಿಟಕಿ ಮುಚ್ಚಲು ಹೋದಳು.

"ಮುಚ್ಚಬೇಡಮ್ಮ."

"ಇನ್ನೂ ಏನು ಕೇಳಬೇಕು ನಿನಗೆ?"

ಅವಳು ಕಿಟಕಿಯ ಹತ್ತಿರ ಬಂದಳು. ದಪ್ಪ ತಂತಿಗಳ ದನಿಯಲ್ಲಿ ಒಂದಿಷ್ಟೂ ಒಡಕಿರಲಿಲ್ಲ, ಸಣ್ಣವು ತಿಳಿಯಾಗಿದ್ದವು. ಎಲ್ಲಾದರೂ ಒಂದು ಕಡೆ ಕೆಟ್ಟಿರಲಿ ಎಂದು ಅವಳು ಕಿವಿಗೊಟ್ಟು ಹುಡುಕಿದಳು. ಎಲ್ಲೂ ಕೆಟ್ಟಿರಲಿಲ್ಲ.

"ನಾನು ಮಾಡಿದ್ರಲ್ಲೆಲ್ಲಾ ಇದೇ ಚೆನ್ನಾಗಿದೆ ಅಮ್ಮ" ಎಂದಳು.

"ಹೌದು" ಎಂದಳು ಅಮ್ಮ. "ಚೆನ್ನಾಗಿದೆ."

ಆಮೇಲೆ ಕಾರಿನ ಬಾಗಿಲು ಮುಚ್ಚಿತು. ಅವಳು ಅತ್ತದ್ದು ಆಗ.