ಮುಂದಿನ ಹೆಗಲು

ಮಾನಪ್ಪ ಮುತ್ಯಾ ಜೇಲಿಗೆ ಬಂದ ದಿನದಿಂದ ಸೂಗಪ್ಪನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಮುದುಕ ಕೆಂಭಾವಿಯವನು. ನಿಜಾಮ ಸರಕಾರಕ್ಕೆ ಎದುರು ನಿಂತು ಅದರ ಸಿಂದಿ ಗಿಡ ಕಡಿಯುತ್ತಿದ್ದ ಮಂದಿಗೆ ನೀರು ಕೊಟ್ಟನೆಂದು ಅವನನ್ನೂ ಹಿಡಿದು ತಂದಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಆದರೂ ಊಟದ ಸಾಲಿನಲ್ಲಿ ಸೂಗಪ್ಪನ ಎದುರು ಬಗ್ಗಿ, ಮುಖಕ್ಕೆ ಮುಖ ತಂದು ನೋಡಿದ. ಅವನ ಪಕ್ಕದಲ್ಲೇ ಕೂತು ಉಂಡ.

"ಯಾಕೋ ಸೂಗಪ್ಪ, ರೊಟ್ಟಿ ಬಿಟ್ಟು ಏಳಾಕತ್ತಿ? ಬೀಗರ ಮನ್ಯಾಗ ಹೋಳಿಗಿ ಕಾಯಾಕತ್ತಾವೇನು?" ಎಂದು ಸುಲ್ತಾನಸಾಬ ನಕ್ಕ. ಅವನೂ ಕೈದಿಯೇ, ಹಳಬನಾದ್ದರಿಂದ ಉಳಿದವರ ಮೇಲೆ ಮುಕದ್ದಮ ಆಗಿದ್ದ.

ಯಾದಗಿರಿಯ ಆ ಜೇಲಿನಲ್ಲಿ ಸೂಗಪ್ಪನಿಗೆ ಮರ್ಯಾದೆ ಇತ್ತು. ಬದುವಿನ ಜಗಳದಲ್ಲಿ ದಾಯಾದಿಯನ್ನು ಕೊಡಲಿಯಿಂದ ಕಡಿದು ಬಂದೆನೆಂದು ತಾನೇ ಹೇಳಿಕೊಂಡಿದ್ದ. ಅಲ್ಲಿದ್ದವರು ಹೆಚ್ಚಾಗಿ ಸೈದಾಪುರ, ಗುರಮಠಕಲ್ ಕಡೆಯವರು. ಶಿರವಾಳದವನಾದ ಸೂಗಪ್ಪನ ಸಂಗತಿ ಅವರಿಗೇನು ಗೊತ್ತು? ನಿಜ ಏನಿದ್ದರೂ ಕಚೇರಿಯವರಿಗೆ ಗೊತ್ತು. ಕಚೇರಿಯವರು ಕೈದಿಗಳ ಜೊತೆ ಹರಟೆಗೆ ಕೂಡುವವರಲ್ಲ. ನಿಜವೆಂದರೆ ಇಷ್ಟು. ಸಂತೆಯಿಂದ ಸಂತೆಗೆ ಬಾಚಣಿಗೆ ಮಾರುತ್ತಿದ್ದ ಸೂಗಪ್ಪ ಕೆಂಭಾವಿಯ ಒಂದು ಹೆಣ್ಣು ಕೂಸಿಗೆ ಬೆಲ್ಲ ತೋರಿಸಿ ಕರೆದೊಯ್ದ. ಕಾಲಿನ ಬೆಳ್ಳಿ ಕಡಗ ಬಿಚ್ಚಿಕೊಂಡ. ಆಮೇಲೆ ಹಾಳು ಭಾವಿಗೆ ನೂಕಿದ.

ಕೂಸಿನ ಮೇಲೆ ಕೈ ಮಾಡಿದವನಿಗೆ ಜೇಲಿನೊಳಗೆ ಏನಾಗುತ್ತದೆ ಅನ್ನುವುದನ್ನು ಅವನು ಗುರಣ್ಣನಲ್ಲಿ ಕಂಡಿದ್ದ. ಗುರಣ್ಣ ಹೊಲದಾಸೆಗೆ ಅಣ್ಣನ ಸಣ್ಣ ಮಗನನ್ನು ಕೊಂದು ಬಂದವನು. ಸುದ್ದಿ ಹಬ್ಬಿದ ಕೂಡಲೇ ಅವನ ಊಟದ ಗಂಗಾಳ ಪಾಯಖಾನೆಯ ಬಾಗಿಲಿಗೆ ಹೋಯಿತು. ನೀರು ಕೇಳಿದರೆ ಅವನ ಮುಂದೆಯೇ ನೆಲಕ್ಕೆ ಸುರಿಯುತ್ತಿದ್ದರು. ದರೋಡೆ ಮಾಡಿದವರು, ಕನ್ನ ಹಾಕಿದವರು, ಹೆಂಡತಿಯ ಕುತ್ತಿಗೆ ಹಿಚುಕಿದವರು, ಎಲ್ಲರೂ ಅವನೆದುರು ಒಮ್ಮೆಲೇ ಮಕ್ಕಳೊಂದಿಗರಾದರು. ಕಡೆಗೊಂದು ದಿನ ಕಂಬಳಿ ಹೊಚ್ಚಿ ತುಳಿದರು. ಕಾವಲಿನವರು ಆಚೆ ಮುಖ ಮಾಡಿ ಬೀಡಿ ಹಚ್ಚಿದರು. ಬೀಡಿ ಮುಗಿಯುವುದರೊಳಗೆ ಗುರಣ್ಣನೂ ಮುಗಿದಿದ್ದ.

ಕಂಬಳಿ ತಂದವನು ಸೂಗಪ್ಪ. ಎಲ್ಲರಿಗಿಂತ ಜೋರಾಗಿ ತುಳಿದವನೂ ಅವನೇ. "ನಮ್ಮ ಸೂಗಪ್ಪಗ ಕೂಸುಗೋಳು ಅಂದ್ರ ಭಾಳ ಜೀವ," ಎಂದು ಸುಲ್ತಾನಸಾಬ ಹೊಗಳಿದ್ದ. ಆ ಮಾತು ನೆನೆದಾಗಲೆಲ್ಲ ಸೂಗಪ್ಪನ ಬೆನ್ನು ತಣ್ಣಗಾಗುತ್ತಿತ್ತು.

ಜೋಳ ಹಸನು ಮಾಡುವಾಗ ಮುದುಕ ಒಬ್ಬನೇ ಸಿಕ್ಕ.

"ಮುತ್ಯಾ, ನನ್ನ ಗುರುತು ಹಿಡದೀಯೇನು?"

"ಹಿಡದೀನಿ. ಬೇಡಿ ಹಾಕಿ ನಮ್ಮ ಓಣಿ ಹಾದೇ ನಿನ್ನ ಒಯ್ದಾರಲ್ಲೋ."

"ಯಾರ ಮುಂದರೆ ಹೇಳ್ತಿಯೇನು?"

ಮುದುಕ ಜೋಳದಲ್ಲಿ ಕೈಯಾಡಿಸುತ್ತಲೇ ಇದ್ದ. "ಹೇಳಿದ್ರ ಈ ಮಂದಿ ನಿನ್ನ ಬಿಡ್ತಾರೇನು? ಒಂದು ಜೀವ ಹೋಗಿದ್ದು ಸಾಕು. ನಾ ಬಾಯಿ ಬಿಡಂಗಿಲ್ಲ, ಹೋಗು."

"ಮನ್ಯಾಗ ಯಾರ್ಯಾರು ಅದಾರ?"

"ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಓಣಿನೇ ನನ್ನ ಮನಿ."

ಸೂಗಪ್ಪ ಮಾತಿನ ಮೊದಲ ಅರ್ಧವನ್ನಷ್ಟೇ ಗಂಟು ಕಟ್ಟಿಕೊಂಡ. ಮುದುಕನ ಹಿಂದೆ ಮುಂದೆ ಯಾರೂ ಇಲ್ಲ, ಸತ್ತರೆ ಕೇಳುವವರಿಲ್ಲ. ಬಾಯಿ ಬಿಡುವುದಿಲ್ಲ ಅಂದದ್ದನ್ನು ಅವನು ನಂಬಲಿಲ್ಲ. ಜ್ವರ ಬಂದರೆ ಬಡಬಡಿಸಿಯಾನು, ಸಿಟ್ಟು ಬಂದರೆ ಅಂದುಬಿಟ್ಟಾನು. ಮುದುಕ ಕೆಮ್ಮಿದರೂ ಈಗ ಹೆಸರು ಹೇಳುತ್ತಾನೆ ಎಂದು ಎದೆ ಹಾರುತ್ತಿತ್ತು.

ಕಾಯಿಪಲ್ಲೆ ತೋಟಕ್ಕೆ ನೀರು ಬಿಡುವ ಕೆಲಸ ಸೂಗಪ್ಪನದು. ಅಲ್ಲಿಯ ಭಾವಿಗೆ ಇಳಿಯುವ ಒಂದೊಂದು ಪಾವಟಿಗೆಯೂ ಅವನಿಗೆ ಗೊತ್ತಿತ್ತು. ನಡುವಿನದೊಂದು ಮೊದಲೇ ಸಡಿಲ. ಬುಡಕ್ಕೆ ಸಿಕ್ಕಿಸಿದ ಚಕ್ಕೆಕಲ್ಲೊಂದು ಅದನ್ನು ಹಿಡಿದಿತ್ತು. ಕೆಳಗೆ ನೀರು ಕಡಿಮೆ, ಬಂಡೆ ಹೆಚ್ಚು. ಮುತ್ಯಾ ಮುಂಜಾನೆ ಎಲ್ಲರಿಗಿಂತ ಮೊದಲು ಇಳಿದು, ಮೈಮೇಲೆ ನೀರು ಹಾಕಿಕೊಂಡು, ಮೌನೇಶ್ವರನನ್ನು ನೆನೆಯದೆ ಬಾಯಿಗೆ ತುತ್ತು ಇಡುವವನಲ್ಲ. ಕಣ್ಣು ಕಾಣದ್ದಕ್ಕೆ ಕಾಲಿನಿಂದಲೇ ತಡವಿ ಇಳಿಯುತ್ತಿದ್ದ. ಸಂಜೆ ನೀರು ಕಟ್ಟಿ ಬರುವಾಗ ಸೂಗಪ್ಪ ಆ ಚಕ್ಕೆಯನ್ನು ಕಿತ್ತು ನೀರಿಗೆ ಬಿಟ್ಟ. ಸಂದಿಗೆ ಹಸಿಮಣ್ಣು ಮೆತ್ತಿದ. ಮಣ್ಣು ಕಣ್ಣಿಗೆ ಕಲ್ಲಿನಂತೆಯೇ ಕಂಡಿತು.

ಮುಂಜಾನೆ ಅವನು ಸುಲ್ತಾನಸಾಬನ ಎದುರು ಬೀಸುಕಲ್ಲಿಗೆ ಕೂತ.   ಭಾವಿಯ ಕಡೆಯಿಂದ ಸದ್ದು ಕೇಳಿದಾಗ ಮೊದಲು ಓಡಿದವನು ಅವನೇ. ಕೆಳಗಿಳಿದು ಉಳಿದ ಮಣ್ಣನ್ನು ತೊಳೆದ, ಸತ್ತ ಮುದುಕನನ್ನು ಎದೆಗೆ ಅವಚಿ ಮೇಲೆ ತಂದ, ಬೋರಾಡಿ ಅತ್ತ. ಅಳು ಸುಳ್ಳಾಗಿರಲಿಲ್ಲ, ಅಂಜಿಕೆ ಇಳಿದ ಅಳು ಅದು. ಹಳೇ ಭಾವಿ, ಕಣ್ಣಿಲ್ಲದ ಮುದುಕ ಎಂದು ಜೇಲರ ಮಾತು ಮುಗಿಸಿದ.

ಮರುದಿನ ಹೆಣ ಎತ್ತಿದರು. ಒಳಗಿನ ರಿವಾಜಿನಂತೆ, ಪಕ್ಕ ಕೂತು ಉಂಡವನು ಚಟ್ಟಕ್ಕೆ ಮುಂದಿನ ಹೆಗಲು ಕೊಡಬೇಕು. "ನೀನೇ ಅವನ ಮಗ ಇದ್ದಂಗ ಇದ್ದಿಯಪ್ಪ, ಬಾ," ಎಂದು ಸುಲ್ತಾನಸಾಬ ಕರೆದ. ಸೂಗಪ್ಪ ಸಂತೋಷದಿಂದಲೇ ಹೊತ್ತ. ದಿಕ್ಕಿಲ್ಲದ ಹೆಣಗಳನ್ನು ಹೂಳುತ್ತಿದ್ದ ಹಿಂದಿನ ಗೋಡೆಯ ಕಡೆ ತಿರುಗಿದ.

"ಅತ್ತಾಗ ಎಲ್ಲಿಗೋ?" ಅಂದ, ಜೋಡಿ ಹೆಗಲು ಕೊಟ್ಟಿದ್ದ ಸುಲ್ತಾನಸಾಬ. "ದೊಡ್ಡ ಬಾಗಿಲಿಗಿ ನಡಿ. ಕಚೇರಿಯವ್ರು ಸುದ್ದಿ ಕಳಿಸಿದ್ರು, ಮುತ್ಯಾಗ ಮಕ್ಕಳಿಲ್ಲ ಅಂತ ಓಣಿಗಿ ಓಣಿನೇ ಗಾಡಿ ಕಟ್ಕೊಂಡು ಬಂದಾದ." ಚಟ್ಟ ಹೊತ್ತವನು ಮುಖ ಮುಚ್ಚಿಕೊಳ್ಳಲಾರ, ಹಿಂದಕ್ಕೆ ಸರಿಯಲಾರ, ಹಿಂದಿನವರು ನೂಕುತ್ತಲೇ ಇದ್ದರು. ಬಾಗಿಲು ತೆರೆಯಿತು. ಬಿಸಿಲಿನಲ್ಲಿ ಹೆಂಗಸರ ಮುಂದೆ ಹಣಮಂತಮ್ಮ ನಿಂತಿದ್ದಳು. ಸುರಪುರದ ಕೋರ್ಟಿನಲ್ಲಿ ಕೂಸಿನ ಕಾಲ್ಗಡಗ ಕೈಯಲ್ಲಿ ಹಿಡಿದು ಅವನ ಮುಖವನ್ನೇ ನೋಡುತ್ತ ನಿಂತಿದ್ದ ತಾಯಿ. "ಮುತ್ಯಾ ಹೆಂಗ ಸತ್ನರಿ?" ಎಂದು ಕೇಳಿದಳು. "ಭಾವ್ಯಾಗ ಬಿದ್ದು, ಅವ್ವಾ," ಅಂದ ಸುಲ್ತಾನಸಾಬ. ಅವಳ ಕಣ್ಣು ಹೆಣದಿಂದ ಮೇಲೆದ್ದು ಸೂಗಪ್ಪನ ಮೇಲೆ ನಿಂತಿತು. "ನನ್ನ ಕೂಸನ್ನೂ ಇವ ಭಾವಿಗೇ ನೂಕಿದ್ದ."  ಸುಲ್ತಾನಸಾಬ ಹೆಣವನ್ನು ಗಾಡಿಗೆ ಇಳಿಸಿಕೊಟ್ಟ, ಗಾಡಿ ಮರೆಯಾಗುವ ತನಕ ಕೈ ಮುಗಿದು ನಿಂತ, ಸೂಗಪ್ಪನ ರಟ್ಟೆ ಹಿಡಿದು ಒಳಗೆ ಕರೆತಂದ. ಬಾಗಿಲು ಮುಚ್ಚಿದ ಮೇಲೆ ಕಾವಲಿನವನ ಕಡೆ ತಿರುಗಿ ಮೆಲ್ಲಗೆ ಅಂದ: "ಸಾಹೇಬ್ರ, ಒಂದು ಬೀಡಿ ಹಚ್ರಿ."