ಹುಳಿ ಇಲ್ಲದ ಟಮಾಟಿ

"ಇದರಾಗ ಹುಳಿ ಇಲ್ದಿದ್ದು ಯಾವ್ದ್ರೀ?" ಮಲ್ಲಿಕಾ ಮತ್ತೆ ಕೇಳಿದಳು.

ನರ್ಸರಿಯ ಮಾಳಿಂಗಪ್ಪ ನೀರಿನ ಪೈಪು ಕೆಳಗಿಟ್ಟು ಅವಳ ಕಡೆ ತಿರುಗಿದ. "ಹುಳಿ ಇಲ್ದಿದ್ರ ಅದು ಟಮಾಟಿ ಹೆಂಗಾಗ್ತದವ್ವಾ?"

"ಕಡಿಮಿ ಹುಳಿ ಇದ್ರೂ ನಡಿತದ್ರೀ. ಭಾಳ ಅಂದ್ರ ಭಾಳ ಕಡಿಮಿ."

ರಾಯಚೂರಿನ ರಸ್ತೆ ಪಕ್ಕದ ಆ ಪುಟ್ಟ ನರ್ಸರಿಯಲ್ಲಿ ಟೊಮೆಟೊ ಸಸಿಗಳು ಕಪ್ಪು ಟ್ರೇಗಳಲ್ಲಿ ಸಾಲಾಗಿ ನಿಂತಿದ್ದವು. ನೋಡಲು ಎಲ್ಲವೂ ಒಂದೇ ಥರ. ಮಾಳಿಂಗಪ್ಪ ಒಂದೊಂದು ಟ್ರೇ ಮುಟ್ಟಿ ತೋರಿಸಿದ.

"ಇದು ಜವಾರಿ. ಚಪ್ಪಟಿ ಹಣ್ಣು, ಮ್ಯಾಲ ಗೀರು ಇರ್ತಾವ. ಸಾರು ಮಾಡಿದ್ರ ಓಣಿಗೆಲ್ಲ ವಾಸನಿ. ಆದ್ರ ಹುಳಿ ಭಾಳ. ಇದು ಹೈಬ್ರಿಡ್. ಉದ್ದುದ್ದ ಹಣ್ಣು, ದಪ್ಪ ಸಿಪ್ಪಿ, ಕೆಳಗ ಬಿದ್ರೂ ಒಡೆಯಂಗಿಲ್ಲ. ಇದು ಚೆರ್ರಿ, ಗೋಲಿಯಷ್ಟ ಆಗ್ತದ. ಮೂಲ್ಯಾಗಿಂದು ಹಳದಿ. ಅದು ನೋಡು, ಹುಳಿ ಕಡಿಮಿ, ಸ್ವಲ್ಪ ಸಿಹಿ."

"ಹಳದಿದ ಕೊಡ್ರಿ!"

ಜೊತೆಗೆ ಬಂದಿದ್ದ ಆತಿಯಾ ಮುಖ ಕಿವುಚಿದಳು. ಅವಳು ಮಲ್ಲಿಕಾಳ ಕ್ಲಾಸಿನವಳು, ಮನೆ ಮಾಲೀಕರ ಮಗಳು. ಅವರ ಮನೆ ಕೆಳಗೆ, ಮಲ್ಲಿಕಾ ಇರುವುದು ಮೇಲೆ. "ಹಳದಿ ಟಮಾಟಿ ಯಾರ್ ತಿಂತಾರ? ಜವಾರಿ ತಗೋ. ನಮ್ಮ ಅಮ್ಮಿ ಯಾವಾಗ್ಲೂ ಅದನ್ನ ತರ್ತಾಳ."

"ಬ್ಯಾಡ. ನನಗ ಇದ ಬೇಕು."

"ಯಾಕ?"

"ಸೀಕ್ರೆಟ್."

ಸೀಕ್ರೆಟ್ ಇದ್ದದ್ದು ಅಪ್ಪನಿಗಾಗಿ.

ಮಲ್ಲಿಕಾಳ ಅಪ್ಪ ಹನುಮಂತರಾಯ ಟೆಂಪೋ ಓಡಿಸುತ್ತಿದ್ದ. ದೇವದುರ್ಗ, ಮಾನ್ವಿ ಕಡೆಯ ಹೊಲಗಳಿಂದ ತರಕಾರಿ ತುಂಬಿಕೊಂಡು ರಾಯಚೂರು ಮಾರ್ಕೆಟ್ಟಿಗೆ ತರುತ್ತಿದ್ದ. ಮನೆಗೆ ಬರುವಾಗ ಅವನ ಅಂಗಿಗೆ ಟೊಮೆಟೊ ವಾಸನೆ. ಊಟಕ್ಕೆ ಕೂತರೆ ರೊಟ್ಟಿಯ ಜೊತೆ ಹಸಿ ಟೊಮೆಟೊ ಬೇಕೇ ಬೇಕು. ಮುಷ್ಟಿಯಲ್ಲಿ ಹಿಚುಕಿ, ಉಪ್ಪು ಉದುರಿಸಿ, ಕಣ್ಣು ಮುಚ್ಚಿ ತಿನ್ನುತ್ತಿದ್ದ.

ಮಳೆಗಾಲದಲ್ಲಿ ಅಪ್ಪನ ಕಾಲು, ಮುಖ ಊದಿಕೊಂಡವು. ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಎಂದರು ಡಾಕ್ಟರು. ಆಮೇಲೆ ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು. ಟೆಂಪೋ ಈಗ ಚಿಕ್ಕಪ್ಪ ಓಡಿಸುತ್ತಾನೆ.

ಆಸ್ಪತ್ರೆಯಿಂದ ಬಂದ ದಿನ ಅವ್ವ ಬಾಗಿಲಲ್ಲೇ ನಿಂತು ಹೇಳಿದ್ದಳು. "ಎಳನೀರು ಬಂದ್. ಬಾಳಿಹಣ್ಣು ಬಂದ್. ನೀರು ಈ ಸಣ್ಣ ಗ್ಲಾಸಿನ್ಯಾಗ ಅಳತಿ ಮಾಡಿ ಕುಡೀಬೇಕು. ಟಮಾಟಿನೂ ಬಂದ್."

ಉಳಿದದ್ದಕ್ಕೆಲ್ಲ "ಆಯ್ತು ಬಿಡು" ಎಂದ ಅಪ್ಪ, ಟೊಮೆಟೊ ಎಂದಾಗ ಮಾತ್ರ ಗೋಡೆಯ ಕಡೆ ತಿರುಗಿ ಮಲಗಿದ.

ಮಲ್ಲಿಕಾ ಆ ವಿಷಯವನ್ನೇ ಯೋಚಿಸಿದಳು. ಅವಳಿಗೆ ಬಾಯಿಹುಣ್ಣಾದಾಗ ಟೊಮೆಟೊ ಸಾರು ಚುರ್ ಎಂದು ಉರಿಯುತ್ತಿತ್ತು. ಅಪ್ಪನ ಕಿಡ್ನಿಯಲ್ಲೂ ಒಳಗೆ ಹಾಗೇ ಗಾಯ ಆಗಿರಬೇಕು. ಹುಳಿ ತಾಕಿದರೆ ಉರಿಯುತ್ತದೆ, ಅದಕ್ಕೇ ಬೇಡ ಎಂದಿದ್ದಾರೆ. ಹಾಗಾದರೆ ಹುಳಿಯೇ ಇಲ್ಲದ ಟೊಮೆಟೊ ಸಿಕ್ಕರೆ?

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹಣ್ಣು ಬಂದ ಮೇಲೆ ಸರ್ಪ್ರೈಸ್ ಕೊಡಬೇಕು.

ಮಾಳಿಗೆ ಮೇಲೆ ಹಳೆಯ ಪೇಂಟಿನ ಡಬ್ಬಿ ಇತ್ತು. ತಳಕ್ಕೆ ತೂತು ಮಾಡಿ, ಕೆಂಪು ಮಣ್ಣು, ಕುರಿ ಗೊಬ್ಬರ ತುಂಬಿ ಸಸಿ ನೆಟ್ಟಳು. ಅಪ್ಪ ಆಗಿನ್ನೂ ಮಾಳಿಗೆ ಹತ್ತಿ ಬರುತ್ತಿದ್ದ; ಮೆಟ್ಟಿಲಿನ ಹತ್ತಿರ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ.

"ಯಾವ ತಳಿಬೇ ಇದು?"

"ಹಳದಿ."

"ಜವಾರಿ ಇರ್ಲಿಲ್ಲೇನು? ಹಚ್ಚೋದಾದ್ರ ಜವಾರಿ ಹಚ್ಚಬೇಕು. ನಮ್ಮೂರು ಗಬ್ಬೂರಾಗ ನಮ್ಮವ್ವ ಬಚ್ಚಲ ನೀರಿಗೆ ಅದನ್ನ ಹಚ್ಚತಿದ್ಲು."

"ಖಾಲಿ ಆಗಿತ್ತಪ್ಪಾ," ಎಂದು ಸುಳ್ಳು ಹೇಳಿ ಮಲ್ಲಿಕಾ ತಲೆ ಬಗ್ಗಿಸಿದಳು.

ಗಿಡ ಬೆಳೆಯಿತು. ಸ್ಕೂಲಿಗೆ ಹೋಗುವ ಮೊದಲು ಅವಳು ತಂಬಿಗೆಯಿಂದ ನೀರು ಹಾಕುವಾಗ ಅಪ್ಪ ಆ ನೀರನ್ನೇ ನೋಡುತ್ತಿದ್ದ. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತಿದ್ದ. ಮಲ್ಲಿಕಾ ಆಮೇಲೆ ಅವನಿಗೆ ಬೆನ್ನು ಮಾಡಿ ನೀರು ಹಾಕತೊಡಗಿದಳು.

ಚಳಿ ಬಂತು. ಹೂವು ಬಂದವು, ಕಾಯಿ ಬಂದವು. ಸಂಕ್ರಾಂತಿ ಹೊತ್ತಿಗೆ ಒಂದು ಹಣ್ಣು ಪೂರ್ತಿ ಹಳದಿಯಾಯಿತು.

ಮಲ್ಲಿಕಾ ಅದನ್ನು ಕಿತ್ತು, ತೊಳೆದು, ತಾಟಿನಲ್ಲಿಟ್ಟು ಅಪ್ಪನ ಹತ್ತಿರ ತಂದಳು. ಅಪ್ಪ ಆಗಷ್ಟೇ ಡಯಾಲಿಸಿಸ್ ಮುಗಿಸಿ ಬಂದು ಮಂಚದ ಮೇಲೆ ಒರಗಿದ್ದ. ಕೈಗೆ ಬಿಳಿ ಪಟ್ಟಿ ಕಟ್ಟಿದ್ದರು.

"ಕಣ್ಣು ಮುಚ್ಚಪ್ಪಾ. ಬಾಯಿ ತೆಗಿ."

ಅಪ್ಪ ನಗುತ್ತಾ ಕಣ್ಣು ಮುಚ್ಚಿದ. ಹಣ್ಣು ತುಟಿಗೆ ತಾಕುವಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಓಡಿ ಬಂದು ಮಲ್ಲಿಕಾಳ ಕೈ ಹಿಡಿದುಕೊಂಡಳು. ತಾಟು ನೆಲಕ್ಕೆ ಬಿದ್ದು ಠಣ್ ಎಂದಿತು.

"ಏನ್ ಮಾಡಾಕತ್ತೀ? ಅಪ್ಪಗ ಟಮಾಟಿ ಕೊಡಬಾರ್ದು ಅಂತ ಗೊತ್ತಿಲ್ಲೇನು ನಿನಗ?"

"ಇದು ಹುಳಿ ಇಲ್ಲಬೇ ಯವ್ವಾ! ಕೇಳಿ, ನೋಡಿ ತಂದೀನಿ. ಇದು ಸಿಹಿದು. ಅಪ್ಪಗ ಉರಿಯಂಗಿಲ್ಲ!"

ಅವ್ವ ಕೈ ಬಿಟ್ಟಳು. ಸೆರಗು ಮುಖಕ್ಕೆ ಒತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು.

ಅಪ್ಪ ಮಲ್ಲಿಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡ.

"ಅದಕ್ಕೇನು ಹಳದಿ ತಂದಿದ್ದು?"

ಅವಳು ತಲೆ ಆಡಿಸಿದಳು.

"ಹುಳಿದು ತ್ರಾಸ ಅಲ್ಲ ಮಲ್ಲೀ. ಟಮಾಟಿಯಾಗ ಪೊಟ್ಯಾಸಿಯಂ ಅಂತ ಇರ್ತದ. ನಿನಗ, ಅವ್ವಗ ಅದು ಬೇಕು. ಹೆಚ್ಚಾಗಿದ್ದನ್ನ ಕಿಡ್ನಿ ಹೊರಗ ಹಾಕ್ತದ. ನನ್ನ ಕಿಡ್ನಿಗೆ ಹಾಕಾಕ ಬರಂಗಿಲ್ಲ. ಒಳಗ ಉಳಿದ್ರ ಎದಿಗೆ ತ್ರಾಸ ಆಗ್ತದ."

"ಹಳದಿಯಾಗೂ ಇರ್ತದೇನು?"

"ಇರ್ತದ."

"ಚೆರ್ರಿಯಾಗ?"

"ಎಲ್ಲಾದ್ರಾಗೂ."

ಮಲ್ಲಿಕಾ ಎದ್ದು ಮಾಳಿಗೆಗೆ ಓಡಿದಳು. ಗಿಡದ ಮುಂದೆ ನಿಂತು ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತಳು. ಹಣ್ಣಾಗುತ್ತಿದ್ದವು, ಹಸಿರು ಕಾಯಿ, ಹೂವು, ಎಲ್ಲ. ಒಂದೊಂದನ್ನೇ ಗೋಡೆಗೆ ಎಸೆದಳು. ಆಮೇಲೆ ನೀರಿನ ಟ್ಯಾಂಕಿನ ಹಿಂದೆ ಕೂತು ಅತ್ತಳು.

ಎಷ್ಟೋ ಹೊತ್ತಿನ ಮೇಲೆ ಮೆಟ್ಟಿಲ ಮೇಲೆ ಸದ್ದಾಯಿತು. ಅಪ್ಪ ಹತ್ತುತ್ತಿದ್ದ. ಒಂದು ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದ, ಉಸಿರು ಎಳೆದುಕೊಂಡು ಇನ್ನೊಂದು ಹತ್ತುತ್ತಿದ್ದ. ಹಿಂದೆ ಅವ್ವ ಅವನ ಬೆನ್ನಿಗೆ ಕೈ ಕೊಟ್ಟಿದ್ದಳು.

"ಬ್ಯಾಡ ಅಂದ್ರ ಕೇಳಂಗಿಲ್ಲ ನೀವು," ಅವ್ವ ಬೈಯುತ್ತಿದ್ದಳು.

ಅಪ್ಪ ಡಬ್ಬಿಯ ಪಕ್ಕ ನೆಲದ ಮೇಲೆ ಕೂತ. ಬೈಯಲಿಲ್ಲ. ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದ. ತುಂಬಾ ಹೊತ್ತು ಹಿಡಿದ.

"ವಾಸನಿ ಬಂದ್ ಅಂತ ಡಾಕ್ಟರ್ ಹೇಳಿಲ್ಲಲ್ಲಾ?" ಎಂದು ನಕ್ಕ.

ಮಲ್ಲಿಕಾಗೆ ನಗು ಬರಲಿಲ್ಲ. ಹತ್ತಿರ ಹೋಗಿ ಅವನ ಭುಜಕ್ಕೆ ಒರಗಿದಳು. ಅಪ್ಪ ಒಡೆಯದೆ ಉಳಿದಿದ್ದ ಒಂದು ಹಣ್ಣನ್ನು ಹುಡುಕಿ, ಅಂಗಿಗೆ ಒರೆಸಿ ಅವಳ ಕೈಗಿಟ್ಟ.

"ತಿನ್ನು. ಹೆಂಗದ ಹೇಳು."

"ನನಗ ಬ್ಯಾಡ."

"ನಾ ಕೇಳಾಕತ್ತೀನಲ್ಲ. ತಿನ್ನು."

ಅವಳು ಕಚ್ಚಿದಳು. "ಸಪ್ಪಗದ. ಚಲೋ ಇಲ್ಲ."

"ಖರೆ ಹೇಳು ಮಲ್ಲೀ."

"ಸಿಹಿ ಅದ. ಕಡೀಕ ಒಂದೀಟು ಹುಳಿ ಬರ್ತದ."

ಅಪ್ಪ ಕಣ್ಣು ಮುಚ್ಚಿ ಕೇಳಿಸಿಕೊಂಡ. ಆಮೇಲೆ ಉಳಿದ ಅರ್ಧವನ್ನು ಅವ್ವನ ಕಡೆ ಚಾಚಿದ. "ನೀನೂ ತಗೋ ಉಮಾ."

"ಸುಮ್ನಿರ್ರಿ. ನನಗೇನು ಆಸಿ ಇಲ್ಲ."

"ನಿಮ್ಮವ್ವ ನನಗಿಂತ ಹೆಚ್ಚು ತಿಂತಿದ್ಲು, ಗೊತ್ತೇನು? ಟೆಂಪೋ ನಿಲ್ಸೋದ್ರಾಗ ಬಂದು ಕ್ರೇಟಿಗೆ ಕೈ ಹಾಕ್ತಿದ್ಲು. ಅದೂ ಹುಳಿದ ಬೇಕು."

ಮಲ್ಲಿಕಾ ಅವ್ವನ ಮುಖ ನೋಡಿದಳು. ಮಳೆಗಾಲದಿಂದ ಮನೆಗೆ ಒಂದೂ ಟೊಮೆಟೊ ಬಂದಿರಲಿಲ್ಲ. ಅಪ್ಪ ತಿನ್ನುತ್ತಿಲ್ಲ ಎನ್ನುವುದಷ್ಟೇ ಅವಳಿಗೆ ಕಂಡಿತ್ತು. ಅವ್ವ ಹಣ್ಣು ತೆಗೆದುಕೊಂಡಳು. ಆ ಕಡೆ ತಿರುಗಿ ನಿಧಾನಕ್ಕೆ ತಿಂದಳು.

"ಮುಂದಿನ ಸಲ ಜವಾರಿನ ಹಚ್ಚು," ಅಪ್ಪ ಹೇಳಿದ. "ಈಗ ಬ್ಯಾಡ, ಬ್ಯಾಸಿಗಿ ಬಿಸಲಿಗೆ ಹೂವು ಉದುರ್ತಾವ. ಮಳಿಗಾಲ ಮುಗೀಲಿ. ಸಸಿ ಕುತ್ತಿಗಿ ಮಟ ಮಣ್ಣಾಗ ಹೂಳಬೇಕು, ಅಂದ್ರ ಬೇರು ಹೆಚ್ಚು ಬರ್ತಾವ. ಟೊಂಗಿ ಸಂದ್ಯಾಗ ಚಿಗುರು ಬಂದ್ರ ಚಿವುಟಬೇಕು. ನೀರು ಬುಡಕ್ಕ ಹಾಕು, ಎಲಿಗೆ ಬ್ಯಾಡ. ಕೋಲು ಕಟ್ಟು. ದಾರ ಬಿಗಿ ಆಗಬಾರ್ದು."

ಇಷ್ಟು ಮಾತನ್ನು ಅಪ್ಪ ಎಷ್ಟೋ ದಿನದಿಂದ ಆಡಿರಲಿಲ್ಲ.

"ಮಳಿಗಾಲ ಇನ್ನೂ ಭಾಳ ದೂರ ಅದಪ್ಪಾ," ಮಲ್ಲಿಕಾ ಹೇಳಿದಳು. "ಆವಾಗ ಹೇಳಿಕೊಡು."

ಅಪ್ಪ ಅವಳ ಕೂದಲು ಸವರಿದ. "ಈಗ ಕಲ್ತುಕೋ."

ಅವ್ವ ತಿನ್ನುವುದನ್ನು ನಿಲ್ಲಿಸಿದ್ದಳು. ಕೆಳಗೆ ಓಣಿಯಲ್ಲಿ ಆತಿಯಾ ಸೈಕಲ್ ಬೆಲ್ ಬಾರಿಸಿ "ಮಲ್ಲಿಕಾ, ಆಡಾಕ ಬರ್ತೀ?" ಎಂದು ಕೂಗಿದಳು.

ಮಲ್ಲಿಕಾ ಹೋಗಲಿಲ್ಲ. ಅಪ್ಪ ಈಗಲೇ ಕಲಿ ಎಂದದ್ದು ಯಾಕೆಂದು ಕೇಳಲೂ ಇಲ್ಲ. ಅವನ ಪಟ್ಟಿ ಕಟ್ಟಿದ ಕೈಯನ್ನು ಮೆಲ್ಲಗೆ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅವನು ಹೇಳಿದ್ದೆಲ್ಲ ಅವಳಿಗೆ ನೆನಪಿತ್ತು. ಒಂದು ಮಾತೂ ಮರೆತಿರಲಿಲ್ಲ.

"ಇನ್ನೊಮ್ಮೆ ಹೇಳಪ್ಪಾ," ಎಂದಳು. "ಮೊದಲಿಂದ."